ದತ್ತಸ್ವಾತಂತ್ರ್ಯವೂ ಕಲಿಯ ದೋಷವೂ: ಶ್ರೀ ಜಗನ್ನಾಥದಾಸಾರ್ಯರ ಚರಿತ್ರೆಯಿಂದ ಒಂದು ಚಿಂತನೆ

ಭಾದ್ರಪದ ಶುದ್ಧ ನವಮಿಯು ಶ್ರೀ ಜಗನ್ನಾಥದಾಸಾರ್ಯರ ಆರಾಧನೆಯ ಪುಣ್ಯದಿನ. ಮಾನ್ವಿ ಕ್ಷೇತ್ರದಲ್ಲಿಯೂ, ದಾಸಸಾಹಿತ್ಯವನ್ನು ಆದರಿಸುವ ಇತರ ಊರುಗಳ ಮಠಮಂದಿರಗಳಲ್ಲಿಯೂ ಅಂದು ಹರಿಕಥಾಮೃತಸಾರದ ಪಾರಾಯಣ ಪ್ರವಚನಗಳು ನಡೆಯುತ್ತವೆ. ಅವನ್ನು ಶ್ರವಣ ಮಾಡುವ ಸಜ್ಜನರ ಮನಸ್ಸಿನಲ್ಲಿ ಒಂದು ಸಂಶಯವು ಏಳುವುದು ಸಹಜವೇ ಆಗಿದೆ. ಶ್ರೀಹರಿಯ ಪ್ರೇರಣೆಯಿಲ್ಲದೆ ತೃಣವೂ ಚಲಿಸದು ಎಂಬುದು ನಮ್ಮ ಸಿದ್ಧಾಂತ. ಹಾಗಿದ್ದಲ್ಲಿ ದೈತ್ಯರಲ್ಲಿ ಅಗ್ರಗಣ್ಯನಾದ ಕಲಿಯು ನಿಜವಾಗಿ ದುಷ್ಟನೋ, ಅಥವಾ ಒಪ್ಪಿಸಿದ ಕೆಲಸವನ್ನು ಮಾಡುವ ಸೇವಕನೋ? ಅವನಿಗೆ ದೋಷವು ಏತಕ್ಕೆ? ನಾವು ಮಾಡುವ ಪಾಪಕ್ಕೆ ನಾವು ಹೊಣೆಯಾಗುವುದಾದರೂ ಹೇಗೆ?

ಈ ಪ್ರಶ್ನೆಗೆ ಉತ್ತರವು ಶಾಸ್ತ್ರದಲ್ಲಿದೆ. ದಾಸಾರ್ಯರು ಅದನ್ನು ಕನ್ನಡದಲ್ಲಿ ತಿಳಿಯಹೇಳಿದರು. ಅಷ್ಟೇ ಅಲ್ಲದೆ, ಅವರ ಚರಿತ್ರೆಯೇ ಆ ಉತ್ತರಕ್ಕೆ ಒಂದು ವ್ಯಾಖ್ಯಾನವಾಗಿದೆ.

ದಾಸಾರ್ಯರು ಕ್ರಿ.ಶ. ೧೭೨೮ರಲ್ಲಿ, ಕೀಲಕ ಸಂವತ್ಸರದಲ್ಲಿ, ಇಂದಿನ ರಾಯಚೂರು ಜಿಲ್ಲೆಯ ಮಾನ್ವಿಗೆ ಸಮೀಪದ ಬ್ಯಾಗವಾಟ ಗ್ರಾಮದಲ್ಲಿ ಅವತರಿಸಿದರು. ತಂದೆ ನರಸಿಂಹಾಚಾರ್ಯರು. ಶ್ರೀನಿವಾಸನೆಂಬುದು ಪೂರ್ವಾಶ್ರಮದ ಹೆಸರೆಂಬಂತೆ ಅವರ ಮೊದಲಿನ ನಾಮಧೇಯ. ಶ್ರೀರಾಯರ ಮಠದ ಪೀಠಾಧಿಪತಿಗಳಾಗಿದ್ದ ಶ್ರೀ ವರದೇಂದ್ರತೀರ್ಥರಲ್ಲಿ ವ್ಯಾಸಂಗ ಮಾಡಿ ಪ್ರೌಢ ಪಾಂಡಿತ್ಯವನ್ನು ಸಂಪಾದಿಸಿದರು. ಶ್ರೀನಿವಾಸಾಚಾರ್ಯರೆಂದರೆ ವಾದದಲ್ಲಿ ಎದುರಿಲ್ಲವೆಂಬ ಕೀರ್ತಿಯು ಆ ಪ್ರಾಂತದಲ್ಲಿ ಹಬ್ಬಿತು. ಮನೆಯಲ್ಲಿ ಶಿಷ್ಯರು, ಹೊರಗೆ ಮರ್ಯಾದೆ, ಇವೆಲ್ಲವೂ ತಾರುಣ್ಯದಲ್ಲಿಯೇ ದೊರೆತವು. ಅವುಗಳ ಜೊತೆಯಲ್ಲಿ ಅಹಂಕಾರವೂ ಬಂದು ಸೇರಿತು.

ಆ ಕಾಲದಲ್ಲಿ ಶ್ರೀ ವಿಜಯದಾಸರು ಊರೂರಿಗೆ ಸಂಚರಿಸುತ್ತ, ಕನ್ನಡದ ಪದ ಸುಳಾದಿಗಳಿಂದ ತತ್ತ್ವೋಪದೇಶವನ್ನು ಮಾಡುತ್ತಿದ್ದರು. ಅವರು ಮಾನ್ವಿಗೆ ದಯಮಾಡಿಸಿದಾಗ ಶ್ರೀನಿವಾಸಾಚಾರ್ಯರನ್ನು ತೀರ್ಥಪ್ರಸಾದಕ್ಕೆ ಆಹ್ವಾನಿಸಿದರು. ತಂಬೂರಿ ಹಿಡಿದು, ಗೆಜ್ಜೆ ಕಟ್ಟಿ, ದೇಶಭಾಷೆಯಲ್ಲಿ ಹಾಡುವವರ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು ತಮ್ಮ ಘನತೆಗೆ ಕಡಿಮೆಯೆಂದು ಬಗೆದ ಆಚಾರ್ಯರು, ಹೊತ್ತು ಮೀರಿ ಉಂಡರೆ ಉದರಶೂಲೆಯಾಗುವುದೆಂಬ ನೆಪವನ್ನು ಹೇಳಿ ಕಳುಹಿಸಿದರು. ದಾಸರು ಕೋಪಿಸಿಕೊಳ್ಳಲಿಲ್ಲ. ಆದರೆ ಕೆಲವೇ ಕಾಲದಲ್ಲಿ ಸುಳ್ಳಾಗಿ ಹೇಳಿದ ರೋಗವು ನಿಜವಾಯಿತು. ಅನ್ನ ಸೇರದೆ ದೇಹವು ಕೃಶವಾಯಿತು. ವೈದ್ಯರ ಔಷಧಗಳು ಕೈಕೊಟ್ಟವು.

ಇಲ್ಲಿ ಓದುಗರು ಒಂದು ವಿಷಯವನ್ನು ಲಕ್ಷಿಸಬೇಕು. ಶ್ರೀಮದಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದ ಮೊದಲನೆಯ ಅಧ್ಯಾಯದಲ್ಲಿ ಭಗವದ್ದ್ವೇಷವು ಒಂಬತ್ತು ವಿಧವೆಂದು ಪರಿಗಣಿಸಿದ್ದಾರೆ. ಶ್ರೀಹರಿಗೂ ಜೀವನಿಗೂ ಅಭೇದವನ್ನು ಹೇಳುವುದು, ಅವನು ನಿರ್ಗುಣನೆನ್ನುವುದು, ಗುಣಗಳಲ್ಲಿ ಅಪೂರ್ಣನೆನ್ನುವುದು ಮುಂತಾದವುಗಳ ಜೊತೆಗೆ, ಅವನ ಭಕ್ತರನ್ನು ದ್ವೇಷಿಸುವುದೂ ಆ ಒಂಬತ್ತರಲ್ಲಿ ಒಂದು. ಶ್ರೀನಿವಾಸಾಚಾರ್ಯರು ಉಳಿದೆಲ್ಲವನ್ನೂ ಶಾಸ್ತ್ರಬಲದಿಂದ ಖಂಡಿಸಬಲ್ಲವರು. ಹರಿಸರ್ವೋತ್ತಮತ್ವದಲ್ಲಿ ಲೇಶವೂ ಸಂಶಯವಿಲ್ಲದವರು. ಆದರೂ ಭಕ್ತತಿರಸ್ಕಾರವೆಂಬ ಒಂದು ಬಾಗಿಲು ತೆರೆದಿತ್ತು. ಕಲಿಯು ಪ್ರವೇಶಿಸಲು ಅಷ್ಟು ಸಾಕಾಯಿತು. ಪಾಂಡಿತ್ಯವು ಕಾವಲಾಗಲಿಲ್ಲ.

ಹಾಗಾದರೆ ಅವರೂ ದುಷ್ಟರೇ ಎಂದರೆ, ಅಲ್ಲ. ಸ್ವಭಾವವು ಬೇರೆ, ಆವೇಶವು ಬೇರೆ. ಜೀವರು ಮೂರು ವಿಧ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಈ ಯೋಗ್ಯತೆಯು ಅನಾದಿ, ನಡುವೆ ಬಂದದ್ದಲ್ಲ. ಕ್ರೈಸ್ತ ಮತದ ಪಂಡಿತರು ಸೈತಾನನನ್ನು ಕುರಿತು ವಿಚಾರಿಸುವಾಗ, ದೇವರು ಅವನನ್ನು ಒಳ್ಳೆಯ ದೇವದೂತನನ್ನಾಗಿಯೇ ಸೃಷ್ಟಿಸಿದನು, ಅವನು ತನ್ನ ಗರ್ವದಿಂದ ತಾನೇ ಪತಿತನಾದನು ಎಂದು ಹೇಳುತ್ತಾರೆ. ಒಳ್ಳೆಯವನಾಗಿಯೇ ಸೃಷ್ಟನಾದವನಿಗೆ ಆ ಕೆಟ್ಟ ಇಚ್ಛೆಯು ಎಲ್ಲಿಂದ ಬಂದಿತೆಂಬ ಪ್ರಶ್ನೆಯು ಅವರಲ್ಲಿ ಬಹುಕಾಲದಿಂದ ಚರ್ಚೆಗೆ ಒಳಗಾಗಿದೆ. ನಮ್ಮ ಸಿದ್ಧಾಂತದಲ್ಲಿ ಪ್ರಶ್ನೆಯ ರೂಪವೇ ಬೇರೆ. ಜೀವನಿಗೆ ದೇಹಸಂಬಂಧವಾಗುವುದೇ ಸೃಷ್ಟಿ, ಜೀವಸ್ವರೂಪವು ಹುಟ್ಟುವುದಿಲ್ಲ. ಆದುದರಿಂದ ಶ್ರೀಹರಿಯು ಕಲಿಯನ್ನು ದುಷ್ಟನನ್ನಾಗಿ ಮಾಡಲಿಲ್ಲ. ಕಲಿಯ ಇರವೂ, ಶಕ್ತಿಯೂ, ಪ್ರವೃತ್ತಿಯೂ ಹರಿಯ ಅಧೀನವೇ ಹೌದು. ದ್ವೇಷವು ಮಾತ್ರ ಅವನ ಸ್ವರೂಪದ್ದು. ಕರಿಯ ಮಣ್ಣಿನ ಒಂದೇ ಹೊಲದಲ್ಲಿ ಒಂದೇ ಮಳೆಯಿಂದ ಜೋಳವೂ ಬೆಳೆಯುತ್ತದೆ, ಜಾಲಿಯೂ ಬೆಳೆಯುತ್ತದೆ. ಮಳೆಯಿಲ್ಲದೆ ಎರಡೂ ಏಳಲಾರವು. ಆದರೂ ಮುಳ್ಳು ಮಳೆಯ ದೋಷವಲ್ಲ.

ಶಾಸ್ತ್ರದ ಈ ವಿವೇಕವು ರೋಗಶಯ್ಯೆಯಲ್ಲಿದ್ದ ಶ್ರೀನಿವಾಸಾಚಾರ್ಯರಿಗೆ ತಿಳಿಯದ್ದೇನಲ್ಲ. ತಿಳಿದದ್ದನ್ನು ಅವರು ಹೇಗೆ ಬಳಸಿಕೊಂಡರು ಎಂಬುದೇ ಮುಖ್ಯ. ಹರಿಯೇ ಪ್ರೇರಿಸಿದನು, ಇದರಲ್ಲಿ ನನ್ನದೇನಿದೆ ಎಂದು ಅವರು ತರ್ಕಿಸಬಹುದಾಗಿತ್ತು. ಹಾಗೆ ತರ್ಕಿಸುವ ಸಾಮರ್ಥ್ಯವೂ ಅವರಿಗೆ ಧಾರಾಳವಾಗಿತ್ತು. ಆದರೆ ಅವರು ಮಂತ್ರಾಲಯಕ್ಕೆ ಹೋಗಿ ಶ್ರೀ ಗುರುರಾಜರ ಸೇವೆಗೆ ನಿಂತರು. ವಿಜಯದಾಸರಲ್ಲಿ ಮಾಡಿದ ಅಪರಾಧವೇ ವ್ಯಾಧಿಯ ಮೂಲ, ಅವರಲ್ಲಿಯೇ ಶರಣುಹೋಗಬೇಕು ಎಂದು ರಾಯರಿಂದ ಸ್ವಪ್ನದಲ್ಲಿ ಸೂಚನೆಯಾಯಿತೆಂದು ಸಂಪ್ರದಾಯವು ಹೇಳುತ್ತದೆ. ಯಾರ ಪಂಕ್ತಿಯಲ್ಲಿ ಕೂರಲು ನಾಚಿದ್ದರೋ ಅವರ ಪಾದಗಳ ಮೇಲೆ ಆಚಾರ್ಯರು ಬಿದ್ದರು. ವಿಜಯದಾಸರು ಕರುಣೆಯಿಂದ ಅವರನ್ನು ತಮ್ಮ ಶಿಷ್ಯರಾದ ಶ್ರೀ ಗೋಪಾಲದಾಸರ ಬಳಿಗೆ, ಉತ್ತನೂರಿಗೆ, ಕಳುಹಿಸಿಕೊಟ್ಟರು.

ಗೋಪಾಲದಾಸರು ಮೊಸರಕಲ್ಲಿನಲ್ಲಿ ಜನಿಸಿದ ಭಾಗಣ್ಣನವರು. ಶ್ರೀನಿವಾಸಾಚಾರ್ಯರಷ್ಟು ಶಾಸ್ತ್ರವ್ಯಾಸಂಗ ಅವರಿಗೆ ಇರಲಿಲ್ಲ; ಭಕ್ತಿಯೊಂದೇ ಅವರ ಸಂಪತ್ತು. ಅವರು ಧನ್ವಂತರಿಯನ್ನು ಸ್ಮರಿಸಿ ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ಕೊಟ್ಟರು. ಅನ್ನವನ್ನೇ ತಾಳದಿದ್ದ ಉದರಕ್ಕೆ ಅದು ಔಷಧವಾಯಿತು. ಅಲ್ಪಾಯುಷ್ಯವೆಂದು ತಿಳಿದು, ತಮ್ಮ ಆಯುಷ್ಯದಲ್ಲಿಯೇ ನಲವತ್ತು ವರ್ಷಗಳನ್ನು ಗೋಪಾಲದಾಸರು ಧಾರೆಯೆರೆದರೆಂಬುದು ಭಕ್ತಜನರೆಲ್ಲರಿಗೂ ಪರಿಚಿತವಾದ ವೃತ್ತಾಂತ. ವಿಜಯದಾಸರು ೧೭೫೫ರಲ್ಲಿ, ಗೋಪಾಲದಾಸರು ೧೭೬೨ರಲ್ಲಿ ಹರಿಪುರವನ್ನು ಸೇರಿದರು. ಆಯುಷ್ಯವನ್ನು ಕೊಟ್ಟವರು ಬೇಗನೆ ಹೋದರು. ಪಡೆದವರು ೧೮೦೯ರವರೆಗೆ, ಎಂಬತ್ತು ದಾಟಿ, ಬದುಕಿದರು. ತಾವು ಉಸಿರಾಡುವ ಒಂದೊಂದು ದಿನವೂ ತಮ್ಮದಲ್ಲ, ಕೊಟ್ಟದ್ದು ಎಂಬ ಅರಿವು ಆ ಬಳಿಕ ಅವರನ್ನು ಬಿಡಲಿಲ್ಲ.

ಗುರುಗಳ ಆಜ್ಞೆಯಂತೆ ಪಂಢರಪುರಕ್ಕೆ ಹೋಗಿ ಚಂದ್ರಭಾಗೆಯಲ್ಲಿ ಸ್ನಾನಮಾಡುವಾಗ ಜಗನ್ನಾಥವಿಠಲನೆಂಬ ಅಂಕಿತವು ದೊರೆಯಿತು. ಸಂಸ್ಕೃತ ಪಂಡಿತರಾದ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾಗಿ ಮಾನ್ವಿಗೆ ಮರಳಿದರು. ತಾವು ತುಚ್ಛವೆಂದು ಬಗೆದಿದ್ದ ದೇಶಭಾಷೆಯಲ್ಲಿಯೇ ಪದಗಳನ್ನೂ, ತತ್ತ್ವಸುವ್ವಾಲಿಯನ್ನೂ, ಭಾಮಿನೀ ಷಟ್ಪದಿಯಲ್ಲಿ ಹರಿಕಥಾಮೃತಸಾರವನ್ನೂ ರಚಿಸಿದರು.

ಆ ಗ್ರಂಥದಲ್ಲಿ ದತ್ತಸ್ವಾತಂತ್ರ್ಯ ಸಂಧಿಯೆಂದು ಒಂದು ಸಂಧಿ, ದೈತ್ಯತಾರತಮ್ಯ ಸಂಧಿಯೆಂದು ಮತ್ತೊಂದು ಸಂಧಿ ಇವೆ. ಇವೆರಡನ್ನು ಜೊತೆಯಲ್ಲಿ ಅನುಸಂಧಾನ ಮಾಡಿದರೆ ನಮ್ಮ ಸಂಶಯವು ಪರಿಹಾರವಾಗುತ್ತದೆ. ಸ್ವಾತಂತ್ರ್ಯವು ಮುಖ್ಯವಾಗಿ ಶ್ರೀಹರಿಯೊಬ್ಬನಿಗೇ ಸೇರಿದ್ದು. ಅವನು ತನ್ನ ಅಪಾರ ಸ್ವಾತಂತ್ರ್ಯದಿಂದ ಅವರವರ ಯೋಗ್ಯತೆಗೆ ತಕ್ಕ ಭಾಗವನ್ನು ಜೀವರಿಗೆ ಕೊಟ್ಟಿದ್ದಾನೆ. ಕೊಟ್ಟದ್ದಾದುದರಿಂದ ಅದು ದತ್ತ. ಆದರೂ ಅದು ಸುಳ್ಳಲ್ಲ. ತಂದೆಯು ಮಗನ ಕೈಗೆ ಹಣವನ್ನು ಕೊಟ್ಟು ಸಂತೆಗೆ ಕಳುಹಿಸುತ್ತಾನೆ. ಹಣವು ತಂದೆಯದು, ಕೊಳ್ಳುವವನು ಮಗ. ಕೆಟ್ಟದ್ದನ್ನು ಕೊಂಡು ಬಂದರೆ, ಹಣ ನಿನ್ನದೇ ಅಲ್ಲವೇ ಎಂದು ಮಗನು ತಂದೆಯನ್ನು ಕೇಳಲಾದೀತೇ? ಬ್ರಹ್ಮಸೂತ್ರಗಳ ದ್ವಿತೀಯಾಧ್ಯಾಯವೂ ಜೀವನು ಕರ್ತನೆಂದು ಮೊದಲು ಸಾಧಿಸಿ, ಆ ಕರ್ತೃತ್ವವು ಪರಮಾತ್ಮನಿಂದಲೇ ಎಂದು ಆಮೇಲೆ ಹೇಳಿ, ಜೀವನ ಪ್ರಯತ್ನವನ್ನು ಅಪೇಕ್ಷಿಸಿಯೇ ಹರಿಯು ಪ್ರೇರಿಸುವನೆಂದು ನಿರ್ಣಯಿಸುತ್ತದೆ. ಇಲ್ಲವಾದಲ್ಲಿ ವಿಧಿನಿಷೇಧಗಳಿಗೆ ಅರ್ಥವೇ ಉಳಿಯದು.

ದೈತ್ಯತಾರತಮ್ಯದಲ್ಲಿ ಕಲಿಯೇ ಅತ್ಯಂತ ಅಧಮನು. ಅವನೇ ದ್ವಾಪರದಲ್ಲಿ ದುರ್ಯೋಧನನಾಗಿ ಹುಟ್ಟಿದನು. ಅವನಿಗೆ ಅವಕಾಶವೇ ದೊರೆಯಲಿಲ್ಲವೆಂದು ಹೇಳುವಂತಿಲ್ಲ. ಸಾಕ್ಷಾತ್ ಶ್ರೀಕೃಷ್ಣನೇ ರಾಯಭಾರಿಯಾಗಿ ಹಸ್ತಿನಾಪುರಕ್ಕೆ ಬಂದನು. ಭೀಷ್ಮ ದ್ರೋಣ ವಿದುರರು ಹಿತವನ್ನು ನುಡಿದರು. ತಾಯಿ ಗಾಂಧಾರಿಯೂ ಬುದ್ಧಿ ಹೇಳಿದಳು. ಅವನು ಕೃಷ್ಣನನ್ನೇ ಕಟ್ಟಿಹಾಕಲು ಹೊರಟನು. ವಿಶ್ವರೂಪವನ್ನು ತೋರಿದ ಮೇಲೆಯೂ ಅವನ ಮನಸ್ಸು ಕರಗಲಿಲ್ಲ. ಮಾಡಿದ ಕೆಡುಕನ್ನು ಕೆಡುಕೆಂದು ಕಂಡು ನೊಂದುಕೊಳ್ಳದಿರುವುದೇ ಕಲಿಯ ಲಕ್ಷಣ. ಹೀಗಿರುವುದರಿಂದ ಅವನು ದುಷ್ಟನಂತೆ ನಟಿಸುವ ಸೇವಕನಲ್ಲ, ನಿಜವಾಗಿಯೂ ದುಷ್ಟನೇ. ಅವನೊಳಗೂ ಇದ್ದು ಪ್ರೇರಿಸುವ ಶ್ರೀಹರಿಗೆ ಆ ದೋಷದ ಲೇಪವಿಲ್ಲ.

ಅಸುರರ ವಂಶದಲ್ಲಿ ಹುಟ್ಟಿದವರೆಲ್ಲರೂ ಅಸುರಸ್ವಭಾವದವರಲ್ಲ. ಹಿರಣ್ಯಕಶಿಪುವಿನ ಒಂದೇ ದೇಹದಲ್ಲಿ ಶಾಪಗ್ರಸ್ತನಾದ ವೈಕುಂಠದ ದ್ವಾರಪಾಲಕನೂ, ತಮೋಯೋಗ್ಯನಾದ ದೈತ್ಯನೂ ಇದ್ದರೆಂದು ಶ್ರೀಮದಾಚಾರ್ಯರು ತಿಳಿಸಿದ್ದಾರೆ. ಅದೇ ಮನೆಯಲ್ಲಿ ಪ್ರಹ್ಲಾದರಾಜರು ಜನಿಸಿದರು. ಅವರ ತಮ್ಮನಾದ ಸಹ್ಲಾದನೇ ದ್ವಾಪರದಲ್ಲಿ ಶಲ್ಯನಾಗಿ, ಕಲಿಯುಗದಲ್ಲಿ ಜಗನ್ನಾಥದಾಸರಾಗಿ ಬಂದನೆಂಬುದು ದಾಸಪಂಥದ ನಂಬಿಕೆ. ಪಾಂಡವರಿಗೆ ಮಾವನಾಗಿದ್ದೂ ಸತ್ಕಾರಕ್ಕೆ ಮರುಳಾಗಿ ದುರ್ಯೋಧನನ ಪಕ್ಷದಲ್ಲಿ ನಿಂತವನು ಶಲ್ಯ. ಸಜ್ಜನನೂ ಕೆಲಕಾಲ ಕಲಿಯ ಪಾಳೆಯದಲ್ಲಿ ನಿಲ್ಲಬಹುದು. ಅಷ್ಟರಿಂದಲೇ ಅವನು ಕಲಿಯ ಗುಂಪಿನವನಾಗುವುದಿಲ್ಲ.

ಈ ತತ್ತ್ವವನ್ನು ದಾಸಾರ್ಯರು ಪದ್ಯದಲ್ಲಿ ಬರೆದು ಬಿಡಲಿಲ್ಲ. ಜನರೊಡನೆ ವ್ಯವಹರಿಸುವಾಗಲೂ ಅನುಸರಿಸಿದರು. ಕರ್ಜಗಿಯ ದಾಸಪ್ಪನವರು ವಿಷಯಾಸಕ್ತರಾಗಿ ಊರವರ ನಿಂದೆಗೆ ಪಾತ್ರರಾಗಿದ್ದವರೆಂದು ಅವರ ಚರಿತ್ರೆಯಲ್ಲಿ ಹೇಳುತ್ತಾರೆ. ದಾಸಾರ್ಯರು ಅವರನ್ನು ದೂರವಿಡಲಿಲ್ಲ. ಹತ್ತಿರ ಕರೆದು ಅನುಗ್ರಹಿಸಿದರು. ಅವರೇ ಶ್ರೀದವಿಠಲರೆಂಬ ಅಂಕಿತವನ್ನು ಪಡೆದು, ಹರಿಕಥಾಮೃತಸಾರಕ್ಕೆ ಫಲಸ್ತುತಿಯನ್ನು ರಚಿಸಿದರು. ಊರವರು ತಮೋಯೋಗ್ಯನೆಂದು ತೀರ್ಮಾನಿಸಬಹುದಾಗಿದ್ದ ವ್ಯಕ್ತಿಯ ಸ್ತುತಿಯನ್ನು ಇಂದು ನಾವು ಪಾರಾಯಣದ ಕೊನೆಯಲ್ಲಿ ಭಕ್ತಿಯಿಂದ ಪಠಿಸುತ್ತೇವೆ.

ಜೀವತ್ರೈವಿಧ್ಯವನ್ನು ಶಾಸ್ತ್ರವು ಹೇಳಿದ್ದು ಶ್ರೀಹರಿಯಲ್ಲಿ ಪಕ್ಷಪಾತವೂ ನಿರ್ದಯತೆಯೂ ಇಲ್ಲವೆಂಬುದನ್ನು ನಾವು ತಿಳಿಯಲೆಂದು. ನೆರೆಮನೆಯವನ ಯೋಗ್ಯತೆಯನ್ನು ಅಳೆಯಲು ಅದು ನಮ್ಮ ಕೈಗೆ ಕೊಟ್ಟ ಅಳತೆಗೋಲಲ್ಲ. ಯಾರ ಸ್ವರೂಪವು ಯಾವುದೆಂಬುದನ್ನು ಹರಿಯೂ, ಅವನ ಅನುಗ್ರಹ ಪಡೆದ ಅಪರೋಕ್ಷಜ್ಞಾನಿಗಳೂ ಬಲ್ಲರು. ನಮ್ಮ ಪಾಲಿಗೆ ಉಳಿದಿರುವುದು ಇಷ್ಟೇ: ಪುಣ್ಯವು ಒದಗಿದಾಗ ಹರಿಯು ಮಾಡಿಸಿದನೆಂದು ಅರ್ಪಿಸುವುದು, ಪಾಪವು ಘಟಿಸಿದಾಗ ಹರಿಯ ಮೇಲೆ ಹೊರಿಸದೆ, ದತ್ತಸ್ವಾತಂತ್ರ್ಯವನ್ನು ನಾನು ಕೆಡಿಸಿಕೊಂಡೆನೆಂದು ಪಶ್ಚಾತ್ತಾಪ ಪಡುವುದು. ಇದನ್ನು ತಿರುಗಿಸಿ, ಪುಣ್ಯವು ನನ್ನದು, ಪಾಪವು ಹರಿಪ್ರೇರಣೆ ಎನ್ನುವ ಬುದ್ಧಿಯು ಹುಟ್ಟಿದಾಗ ಕಲಿಯು ಬಾಗಿಲಲ್ಲಿ ನಿಂತಿದ್ದಾನೆಂದು ತಿಳಿಯಬೇಕು.

ದಾಸಾರ್ಯರು ಶುಕ್ಲ ಸಂವತ್ಸರದ ಭಾದ್ರಪದ ಶುದ್ಧ ನವಮಿಯಂದು ಮಾನ್ವಿಯಲ್ಲಿ ದೇಹತ್ಯಾಗ ಮಾಡಿದರು. ಅವರ ಸನ್ನಿಧಾನವಿರುವ ಸ್ತಂಭವು ಅಲ್ಲಿ ಇಂದಿಗೂ ಪೂಜೆಗೊಳ್ಳುತ್ತಿದೆ. ಆರಾಧನೆಯ ದಿನ ಆಸ್ತಿಕ ಬಂಧುಗಳು ಕುಟುಂಬ ಸಮೇತರಾಗಿ ದತ್ತಸ್ವಾತಂತ್ರ್ಯ ಸಂಧಿಯನ್ನಾದರೂ ಪಠಿಸಿ, ಯಾರ ಮನೆಯ ಪಂಕ್ತಿಯನ್ನು ತಾವು ನಿರಾಕರಿಸಿದ್ದೇವೆ ಎಂಬುದನ್ನು ಒಮ್ಮೆ ಸ್ಮರಿಸಿಕೊಂಡು, ಆ ಮನೆಗೆ ಹೋಗಿ ಬರುವುದಾದರೆ ದಾಸಾರ್ಯರ ಸೇವೆಯು ಪೂರ್ಣವಾದಂತೆ.

ಶ್ರೀಕೃಷ್ಣಾರ್ಪಣಮಸ್ತು.