ಗುಬ್ಬಿಯ ಹುಡುಗ, ಕಂಪನಿಯ ಮಾಲೀಕ

ರೈತ ಬಾಂಧವರೇ, ತೆಂಗಿನ ಸಸಿ ನೆಟ್ಟವರು ಮರುವರ್ಷವೇ ಕಾಯಿ ಕೇಳುವುದಿಲ್ಲ. ನಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರು ತಾವು ಸೇರಿದ ನಾಟಕ ಕಂಪನಿಗೆ ಮಾಲೀಕರಾಗುವ ಮೊದಲು ಅದರಲ್ಲಿ ಸುಮಾರು ಇಪ್ಪತ್ತು ವರ್ಷ ದುಡಿದರು.

ಆ ಕಂಪನಿ ಗುಬ್ಬಿಯಲ್ಲಿ 1884ರಲ್ಲೇ ಹುಟ್ಟಿತ್ತು. 1891ರಲ್ಲಿ ಜನಿಸಿದ ವೀರಣ್ಣ ಚಿಕ್ಕ ಹುಡುಗನಾಗಿ ಅಲ್ಲಿಗೆ ಬಂದರು. ಬಾಲಪಾತ್ರ ಮುಗಿಸಿ ಹಾಸ್ಯಪಾತ್ರಕ್ಕೆ ನಿಂತರು. ‘ಸದಾರಮೆ’ಯ ಕಳ್ಳನ ಪಾತ್ರ ಮನೆಮಾತಾಯಿತು. 1917ರಲ್ಲಿ ಕಂಪನಿ ಅವರ ಕೈಗೆ ಬಂತು.

ಮಾಲೀಕತನವೆಂದರೆ ಸುಖವೆಂದುಕೊಳ್ಳಬೇಡಿ. ಪರದೆ, ಪೆಟ್ಟಿಗೆ, ಜನ ಎಲ್ಲವನ್ನೂ ಊರೂರಿಗೆ ಸಾಗಿಸಬೇಕು. ಮಳೆ ಹಿಡಿದರೆ ಕಲೆಕ್ಷನ್ ಇಲ್ಲ. ಕಲೆಕ್ಷನ್ ಇಲ್ಲದ ದಿನವೂ ಕಲಾವಿದರಿಗೆಲ್ಲ ಊಟ ಹಾಕಬೇಕು. ನಮ್ಮ ಖುಷ್ಕಿ ರಾಗಿಗೆ ಮಳೆ ಬಾರದಿದ್ದರೆ ಕಷ್ಟ, ಅವರಿಗೆ ಬಂದರೆ ಕಷ್ಟ! ಹೀಗಿದ್ದೂ 1934ರಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಮೇವಿನ ಖರ್ಚನ್ನು ದನ ಸಾಕಿದ ನೀವೇ ಲೆಕ್ಕ ಹಾಕಿ.

ಕಂಪನಿಯಲ್ಲಿದ್ದ ಬಿ.ವಿ. ಕಾರಂತರನ್ನು ಎಂ.ಎ. ಓದಲು ಕಾಶಿಗೆ ಕಳುಹಿಸಿದವರು ಅವರೇ. ಅದೇ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ನಾಯಕರಾದರು.

1972ರಲ್ಲಿ ಪದ್ಮಶ್ರೀ ಬಂತು; ಅದೇ ವರ್ಷ ವೀರಣ್ಣನವರು ತೀರಿಕೊಂಡರು. ತುಮಕೂರಿಗೆ ಬಂದಾಗ ಅವರ ಹೆಸರಿನ ಕಲಾಕ್ಷೇತ್ರವನ್ನು ನೋಡಿ ಹೋಗಿ.