ಸಿಂಹಳದ ಪ್ರೇಷಿತ ಸಂತ ಜೋಸೆಫ್ ವಾಜ್



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಿಂದ ಹಳೇ ಗೋವೆಗೆ ಯಾತ್ರೆ ಹೋಗುವವರು ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರದ ದರ್ಶನ ಪಡೆದು ಹಿಂದಿರುಗುವರು. ದೇವಾಲಯಗಳಿಂದ ತುಂಬಿದ್ದ ಆ ಮಹಾನಗರ ರೋಗರುಜಿನಗಳಿಗೆ ತುತ್ತಾಗಿ ಬರಿದಾಯಿತು. ಸಂತ ಆಗಸ್ಟಿನರ ಮಠದ ಮಾಳಿಗೆ 1842ರಲ್ಲಿ ಕುಸಿಯಿತು. ಗೋಪುರದ ಅರೆಭಾಗ ಮಾತ್ರ ಇಂದಿಗೂ ನಿಂತಿದೆ. ಸಮೀಪದ ಗುಡ್ಡವೊಂದರ ಮೇಲೆ ಅದ್ಭುತ ಶಿಲುಬೆಯ ದೇವಾಲಯವೂ ಪಾಳುಬಿದ್ದಿದೆ. ಅತ್ತ ಹೋಗುವ ಯಾತ್ರಿಕರು ವಿರಳ. ಆದರೆ ಆ ಗುಡ್ಡದಿಂದಲೇ ಒಬ್ಬ ಸಂತರು ಹೊರಟರು.

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ತಂದೆಯ ಊರು ಸಾಂಕ್ವಾಳ. 1676ರಲ್ಲಿ ಗುರುದೀಕ್ಷೆ ಪಡೆದ ಬಳಿಕ ಅವರು ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ಮರುವರ್ಷ ಮಾತೆ ಮರಿಯಳ ದಾಸನೆಂದು ತಮ್ಮನ್ನು ಪತ್ರಮುಖೇನ ಅರ್ಪಿಸಿಕೊಂಡರು.

1681ರಲ್ಲಿ ಅವರನ್ನು ಕನ್ನಡ ಕರಾವಳಿಗೆ ಕಳುಹಿಸಲಾಯಿತು. ಅದು ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯ ಕಾಲ. ಅಲ್ಲಿ ಪೋರ್ಚುಗಲ್ ಅರಸರ ಹಕ್ಕಿಗೆ ಒಳಪಟ್ಟ ಗುರುಗಳಿಗೂ ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷರಿಗೂ ವಿವಾದವಿದ್ದು, ಭಕ್ತಜನ ಇಬ್ಭಾಗವಾಗಿದ್ದರು. ವಾಜರು ಜಗಳವನ್ನು ಬೆಳೆಸಲಿಲ್ಲ. ಮಂಗಳೂರು, ಬಸ್ರೂರು, ಗಂಗೊಳ್ಳಿ ಮೊದಲಾದ ಊರುಗಳಲ್ಲಿ ಚದುರಿದ್ದ ಕುಟುಂಬಗಳನ್ನು ಹುಡುಕಿ ಧರ್ಮೋಪದೇಶ ನೀಡಿದರು. ಗುರುಗಳಿಲ್ಲದಾಗಲೂ ಪ್ರಾರ್ಥನೆ ನಿಲ್ಲದಂತೆ ಭಕ್ತರ ಸಂಘಗಳನ್ನು ಸ್ಥಾಪಿಸಿದರು.

1684ರಲ್ಲಿ ಗೋವೆಗೆ ಮರಳಿ, ಮುಂದಿನ ವರ್ಷ ಅದ್ಭುತ ಶಿಲುಬೆಯ ಗುಡ್ಡದಲ್ಲಿ ನೆಲೆಸಿದ್ದ ದೇಶೀಯ ಗುರುಗಳ ಮಂಡಲಿಗೆ ಹಿರಿಯರಾದರು. ಆದರೆ ಅವರ ಮನಸ್ಸು ಸಿಂಹಳದಲ್ಲಿತ್ತು. ಡಚ್ಚರು 1658ರಲ್ಲಿ ಜಾಫ್ನಾವನ್ನು ಗೆದ್ದು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. 1687ರಲ್ಲಿ ವಾಜರು ಯೊವಾನನೆಂಬ ಸೇವಕನೊಡನೆ ಕೂಲಿಯಾಳಿನ ವೇಷದಲ್ಲಿ ಅಲ್ಲಿಗೆ ಮುಟ್ಟಿದರು. ಅತಿಸಾರದಿಂದ ನೆಲಹಿಡಿದಾಗ ಅವರಿಗೆ ಗಂಜಿಯಿತ್ತು ಬದುಕಿಸಿದವಳು ಒಬ್ಬ ಬಡ ಹೆಂಗಸೆಂದು ಅವರ ಚರಿತ್ರೆ ಹೇಳುತ್ತದೆ. ಬಳಿಕ ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರದ ಮೇಲೆ ಯಾರ ದೃಷ್ಟಿ ನೆಟ್ಟಿತೋ ಅವರೇ ತಮ್ಮವರೆಂದು ಅರಿತರು. ರಾತ್ರಿಯ ಕತ್ತಲೆಯಲ್ಲಿ ಬಲಿಪೂಜೆ ಪುನಃ ನೆರವೇರಿತು.

1692ರಲ್ಲಿ ಕ್ಯಾಂಡಿಗೆ ಹೋದಾಗ ಗೂಢಚಾರರೆಂಬ ಶಂಕೆಯಿಂದ ಬಂಧಿತರಾದರು. ಸೆರೆಯಲ್ಲಿಯೇ ಸಿಂಹಳ ಭಾಷೆಯನ್ನು ಕಲಿತರು. 1697ರಲ್ಲಿ ಸಿಡುಬು ಹಬ್ಬಿ, ರೋಗಿಗಳನ್ನು ಮನೆಯವರೇ ಕಾಡಿಗೆ ಬಿಟ್ಟಾಗ ವಾಜರು ಅವರಿಗೆ ಅನ್ನ ನೀರು ಕೊಟ್ಟು, ಹುಣ್ಣು ತೊಳೆದು, ಸತ್ತವರನ್ನು ಮಣ್ಣುಮಾಡಿದರು. ಬೌದ್ಧ ಅರಸನು ಇದನ್ನು ಕಂಡು ಅವರನ್ನು ಗೌರವಿಸಿದನು. ಧರ್ಮಾಧ್ಯಕ್ಷ ಪದವಿಯ ಸೂಚನೆ ಬಂದಾಗ ಅವರು ಒಪ್ಪಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು.

ಅವರನ್ನು ಹೂಳಿದ ದೇವಾಲಯವೂ ಮುಂದೆ ನಾಶವಾಯಿತು. ಸಮಾಧಿಯ ನೆಲೆ ಯಾರಿಗೂ ತಿಳಿಯದು. ಹೊರಟ ಮನೆ ಪಾಳು, ಮಲಗಿದ ಮಣ್ಣು ಅಜ್ಞಾತ. ಆದರೆ ಅವರು ಕಟ್ಟಿದ ಸಭೆ ಅಳಿಯಲಿಲ್ಲ. ಅದೇ ಸಿಂಹಳದ ಕೊಲಂಬೊದಲ್ಲಿ 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು.

ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಸಮಯದಲ್ಲಿ ಹಂಚು, ಗಾರೆ, ಗಂಟೆಗಳಿಗಾಗಿ ತಾವು ಉದಾರವಾಗಿ ನೀಡಿದ್ದೀರಿ, ಬೇಡಿದವನು ನಾನೇ. ಆದರೆ ಭಾನುವಾರದ ಧರ್ಮೋಪದೇಶಕ್ಕೆ ಬರುವ ಮಕ್ಕಳನ್ನು ಎಣಿಸುವಾಗ ನನಗೆ ಆ ಗುಡ್ಡದ ಪಾಳುಗೋಡೆ ನೆನಪಾಗುತ್ತದೆ. ಕಲ್ಲಿಗಾಗಿ ಮನೆಮನೆಗೆ ಬಂದಷ್ಟು ಸಲ ಮಕ್ಕಳಿಗಾಗಿ ನಾನು ಬರಲಿಲ್ಲ. ಈ ತಪ್ಪನ್ನು ತಿದ್ದಿಕೊಳ್ಳಲು ಸಂತ ಜೋಸೆಫ್ ವಾಜರು ನನಗೂ ತಮಗೂ ದೇವರಲ್ಲಿ ಬಿನ್ನೈಸಲಿ. ಮುಂದಿನ ಸಲ ಗೋವೆಗೆ ಹೋದಾಗ ದಯಮಾಡಿ ಆ ಗುಡ್ಡವನ್ನೂ ಹತ್ತಿರಿ. ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ.