ಲಾಯ್ಡ್ ಜಾರ್ಜರ ಜೀವಿತ

ರಾಜಕಾರಣಿಯನ್ನು ತೂಗುವಾಗ ಅವನು ತನ್ನವರಿಗೆ ಏನು ಮಾಡಿದನೆಂಬುದನ್ನಷ್ಟೇ ನೋಡಿದರೆ ಸಾಲದು. ತನ್ನ ಅಧಿಕಾರಕ್ಕೊಳಪಟ್ಟ ಪರರಿಗೆ ಏನು ಮಾಡಿದನೆಂಬುದನ್ನೂ ತಕ್ಕಡಿಯಲ್ಲಿಡಬೇಕು. ಡೇವಿಡ್ ಲಾಯ್ಡ್ ಜಾರ್ಜರ ಚರಿತ್ರೆಯನ್ನು ನಾವು ಈ ದೃಷ್ಟಿಯಿಂದಲೇ ವಾಚಕರ ಮುಂದಿಡುತ್ತೇವೆ.

ಅವರು 1863ನೆಯ ಇಸವಿ ಜನವರಿ 17ರಂದು ಮ್ಯಾಂಚೆಸ್ಟರಿನಲ್ಲಿ ಜನಿಸಿದರು. ಉಪಾಧ್ಯಾಯರಾಗಿದ್ದ ತಂದೆ ಮಗನಿಗೆ ಎರಡು ವರ್ಷ ತುಂಬುವ ಮೊದಲೇ ಕಾಲವಾದುದರಿಂದ, ತಾಯಿಯು ಮಕ್ಕಳೊಡನೆ ವೇಲ್ಸ್ ನಾಡಿನ ಒಂದು ಹಳ್ಳಿಯಲ್ಲಿದ್ದ ತನ್ನ ಸೋದರನ ಮನೆಯನ್ನು ಸೇರಿದಳು. ಸೋದರಮಾವ ರಿಚರ್ಡ್ ಲಾಯ್ಡರದು ಪಾದರಕ್ಷೆ ಹೊಲಿಯುವ ಕಸುಬು; ಬಾಲಕನನ್ನು ಸಾಕಿ ವಕೀಲನನ್ನಾಗಿ ಮಾಡಿದವರು ಅವರೇ. ಮನೆಮಾತು ವೆಲ್ಷ್, ಇಂಗ್ಲಿಷು ಕಲಿತ ಭಾಷೆ.

1888ರಲ್ಲಿ ಆಂಗ್ಲ ಚರ್ಚಿಗೆ ಸೇರದ ಒಬ್ಬ ಕಲ್ಲುಗಣಿಯ ಕೂಲಿಕಾರನು ಮಗಳ ಸಮಾಧಿಯ ಪಕ್ಕದಲ್ಲಿಯೇ ತನ್ನನ್ನು ಹೂಳಬೇಕೆಂದು ಬಯಸಿ ಮೃತನಾದನು. ಪಾದ್ರಿಯು ಒಪ್ಪಲಿಲ್ಲ. ಸ್ಮಶಾನದ ಬಾಗಿಲನ್ನು ಒಡೆದು ಶವವನ್ನು ಹೂಳಿರೆಂದು ಆ ತರುಣ ವಕೀಲರು ಬಂಧುಗಳಿಗೆ ಧೈರ್ಯ ಕೊಟ್ಟರು. ಮೇಲಣ ನ್ಯಾಯಾಲಯದಲ್ಲಿ ಮೊಕದ್ದಮೆಯನ್ನು ಗೆದ್ದೂಕೊಟ್ಟರು. ಈ ಕೀರ್ತಿಯ ಬೆನ್ನಲ್ಲೇ 1890ರಲ್ಲಿ ಕೇವಲ 18 ಮತಗಳ ಅಂತರದಿಂದ ಪಾರ್ಲಿಮೆಂಟನ್ನು ಪ್ರವೇಶಿಸಿದರು. ಆ ಕ್ಷೇತ್ರವು 55 ವರ್ಷ ಅವರ ಕೈಬಿಡಲಿಲ್ಲ.

ಬೋಯರ್ ಯುದ್ಧವನ್ನು ಎದುರಿಸಿ ಮಾತನಾಡಿದುದಕ್ಕಾಗಿ 1901ರಲ್ಲಿ ಬರ್ಮಿಂಗ್‌ಹ್ಯಾಮಿನ ಸಭೆಯಿಂದ ಪೋಲೀಸಿನವನ ವೇಷದಲ್ಲಿ ತಪ್ಪಿಸಿಕೊಳ್ಳಬೇಕಾಯಿತು. 1908ರಲ್ಲಿ ಅರ್ಥಸಚಿವರಾದರು. 70 ವರ್ಷ ದಾಟಿದ ಬಡವರಿಗೆ ವಾರಕ್ಕೆ 5 ಷಿಲಿಂಗಿನ ವೇತನವು ದೊರೆಯಿತು. 1909ರಲ್ಲಿ ಭೂಸ್ವಾಮಿಗಳ ಮೇಲೆ ಕರ ಹೊರಿಸಿದ ಅವರ ಮುಂಗಡಪತ್ರವನ್ನು ಪ್ರಭುಸಭೆಯು ತಿರಸ್ಕರಿಸಲು, 1911ರಲ್ಲಿ ಆ ಸಭೆಯ ನಿಷೇಧಾಧಿಕಾರವೇ ಮೊಟಕಾಯಿತು. ಅದೇ ವರ್ಷ ಕಾರ್ಮಿಕರ ವಿಮಾ ಶಾಸನವೂ ಆಯಿತು. 1916ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಗಳಾಗಿ ಮಹಾಯುದ್ಧವನ್ನು ಜಯದವರೆಗೆ ನಡೆಸಿದರು.

ಇಲ್ಲಿಗೆ ತಕ್ಕಡಿಯ ಒಂದು ತಟ್ಟೆ ತುಂಬಿತು. ಇನ್ನೊಂದರಲ್ಲಿ ಐರ್ಲೆಂಡಿದೆ, ಭಾರತವಿದೆ. ಸಣ್ಣ ನಾಡಿನ ಸಂಕಟವನ್ನು ಉಂಡು ಬೆಳೆದವರೇ 1920ರಲ್ಲಿ ಐರಿಷ್ ಜನರ ಮೇಲೆ ಕುಖ್ಯಾತವಾದ ದಂಡನ್ನು ಬಿಟ್ಟರು. 1921ರಲ್ಲಿ ಕೌಲು ಮಾಡಿಕೊಳ್ಳುವಾಗ ನಾಡು ಎರಡು ಹೋಳಾಗಿಯೇ ಉಳಿಯಿತು. 1917ರಲ್ಲಿ ಭಾರತಕ್ಕೆ ಜವಾಬ್ದಾರಿ ಸರ್ಕಾರದ ಭರವಸೆ ಕೊಟ್ಟುದೂ, 1919ರಲ್ಲಿ ರೌಲತ್ ಶಾಸನವನ್ನು ಹೇರಿದುದೂ ಅವರ ಆಡಳಿತವೇ. ಜಲಿಯನ್‌ವಾಲಾ ಬಾಗಿನ ರಕ್ತವು ಹರಿದುದೂ ಆ ಕಾಲದಲ್ಲಿಯೇ. 1922ರ ಆಗಸ್ಟಿನಲ್ಲಿ ಸಿವಿಲ್ ಸರ್ವಿಸನ್ನು ಉಕ್ಕಿನ ಚೌಕಟ್ಟಿಗೆ ಹೋಲಿಸಿ, ಬ್ರಿಟಿಷ್ ಅಧಿಕಾರಿಗಳಿಲ್ಲದೆ ಭಾರತವು ನಡೆಯುವ ಕಾಲವು ತಮಗೆ ಕಾಣದೆಂದು ಅವರು ಸಾರಿದರು. ಎರಡೇ ತಿಂಗಳಿನಲ್ಲಿ ಅವರ ಪದವಿ ಹೋಯಿತು; ಮತ್ತೆ ಬರಲಿಲ್ಲ. 25 ವರ್ಷಗಳ ತರುವಾಯ, ಅದೇ ಆಗಸ್ಟಿನಲ್ಲಿ, ಭಾರತವು ಸ್ವತಂತ್ರವಾಯಿತು.

ಅದನ್ನು ಕಾಣಲು ಅವರು ಉಳಿದಿರಲಿಲ್ಲ. 1945ನೆಯ ಮಾರ್ಚ್ 26ರಂದು ಸ್ವಗ್ರಾಮದ ಸಮೀಪದಲ್ಲಿ ನಿಧನರಾಗಿ, ಬಾಲ್ಯದಲ್ಲಿ ಆಡಿದ ಹೊಳೆಯ ದಡದಲ್ಲಿ ಮಣ್ಣಾದರು. ಬಡ ಕೂಲಿಕಾರನೊಬ್ಬನ ಹೆಣಕ್ಕಾಗಿ ಸ್ಮಶಾನದ ಬಾಗಿಲು ಒಡೆಸಿದವರು, ಕೋಟ್ಯಂತರ ಜೀವಂತ ಪ್ರಜೆಗಳ ಪಾಲಿಗೆ ಬಾಗಿಲು ಕಾಯುವವರಾದರು. ಅಧಿಕಾರವನ್ನು ಹಿಡಿದವರೆಲ್ಲರೂ, ನಮ್ಮವರೂ ಸೇರಿ, ಮನನ ಮಾಡತಕ್ಕ ವಿಷಯವಿದು.